ಜಾಲಕ್ಕಿಂತ ಮೊದಲು ಹೆಸರು

ಪ್ರಶ್ನೆ: ಭಾರತದ ಮಹಿಳಾ ವಿಜ್ಞಾನಿಗಳಿಗೆ ಸಹಲೇಖಕರು ಕಡಿಮೆಯೇ ಎಂದು ತಿಳಿಯಲು ಸಂಶೋಧನಾ ಪ್ರಬಂಧಗಳ ಮುಕ್ತ ದತ್ತಾಂಶಕೋಶವಾದ ಓಪನ್‌ಅಲೆಕ್ಸ್‌ನಿಂದ ಡೇಟಾ ತೆಗೆದು, ಒಟ್ಟಿಗೆ ಪ್ರಬಂಧ ಬರೆದ ಇಬ್ಬಿಬ್ಬರ ನಡುವೆ ಒಂದು ಕೊಂಡಿ ಎಂಬಂತೆ ಜಾಲ ಕಟ್ಟಿದ್ದೇನೆ. ಗಂಡೋ ಹೆಣ್ಣೋ ಎಂಬುದನ್ನು ಹೆಸರಿನಿಂದ ಸಾಫ್ಟ್‌ವೇರ್ ಗುರುತಿಸಿದೆ. ಮಹಿಳೆಯರ ಕೊಂಡಿಗಳು ಬಹಳ ಕಡಿಮೆ ಬಂದಿವೆ. ಇದನ್ನು ನಂಬಬಹುದೇ?
– ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಈಗಲೇ ನಂಬಬೇಡಿ, ಮೊದಲು ಹೆಸರುಗಳನ್ನು ಸರಿಮಾಡಿಕೊಳ್ಳಿ. ‘ಕೆ. ಎಸ್. ರಾವ್’ ಎಂದಷ್ಟೇ ಇದ್ದರೆ ಯಾವ ಸಾಫ್ಟ್‌ವೇರೂ ಲಿಂಗ ಹೇಳಲಾರದು. ಕಿರಣ್, ಶಶಿ ಎರಡೂ ಕಡೆ ಸಲ್ಲುವ ಹೆಸರುಗಳು. ಇಂಥವರನ್ನು ‘ತಿಳಿಯದು’ ಎಂಬ ಮೂರನೆಯ ಗುಂಪಿಗೆ ಹಾಕಿ. ಜಾಲದಿಂದ ಮಾತ್ರ ತೆಗೆಯಬೇಡಿ, ತೆಗೆದರೆ ಉಳಿದವರ ಕೊಂಡಿಗಳೂ ಹೋಗುತ್ತವೆ. ಚೀಟಿ ಎತ್ತಿದಂತೆ 300 ಹೆಸರು ಆರಿಸಿ, ಅವರ ಸಂಸ್ಥೆಯ ಪುಟಗಳೊಂದಿಗೆ ತಾಳೆ ನೋಡಿ. ಎಷ್ಟು ತಪ್ಪಾಗಿದೆ ಎಂಬುದನ್ನು ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಬರೆದಿಡಿ.

ಇದಕ್ಕಿಂತ ದೊಡ್ಡ ತೊಂದರೆ ಮದುವೆಯ ನಂತರ ಬದಲಾಗುವ ಹೆಸರು. ಹಳೆಯ ಹೆಸರಿನಲ್ಲಿ 12 ಸಹಲೇಖಕರು, ಹೊಸದರಲ್ಲಿ 15, ಇವರಲ್ಲಿ 3 ಜನ ಎರಡೂ ಕಡೆ ಇದ್ದಾರೆ ಎನ್ನಿ. ಒಬ್ಬರಿಗೆ 24 ಸಹಲೇಖಕರು ಎಂದಾಗಬೇಕಾದದ್ದು ನಿಮ್ಮ ಜಾಲದಲ್ಲಿ ಇಬ್ಬರು ಮಹಿಳೆಯರು, ಇಬ್ಬರಿಗೂ ಕಡಿಮೆ ಕೊಂಡಿಗಳು ಎಂದಾಗುತ್ತದೆ. ಈ ತಪ್ಪು ಹೆಚ್ಚಾಗಿ ಮಹಿಳೆಯರ ಲೆಕ್ಕಕ್ಕೇ ಬೀಳುವುದರಿಂದ ಇನ್ನಷ್ಟು ಡೇಟಾ ಸುರಿದರೂ ಹೋಗದು. ಆರ್ಕಿಡ್ (ORCID) ಸಂಖ್ಯೆ, ಅಂದರೆ ಹೆಸರು ಬದಲಾದರೂ ಬದಲಾಗದ ಸಂಶೋಧಕರ ಗುರುತಿನ ಸಂಖ್ಯೆ, ಇದ್ದವರನ್ನು ಅದರಿಂದಲೇ ಜೋಡಿಸಿ. ಇಲ್ಲದವರಲ್ಲಿ ಸ್ವಂತ ಹೆಸರು, ಸಂಸ್ಥೆ, ಕೆಲವು ಸಹಲೇಖಕರು ಒಂದೇ ಆಗಿದ್ದರೆ ಕೂತು ಒಂದೊಂದಾಗಿ ಪರಿಶೀಲಿಸಿ. ಬೇಸರದ ಕೆಲಸ ನಿಜ, ಆದರೆ ನಿಮ್ಮ ಪ್ರಬಂಧ ನಿಲ್ಲುವುದು ಇದರ ಮೇಲೆಯೇ.

ಭಾರಿ ತಂಡಗಳ ಪ್ರಬಂಧಗಳನ್ನು ಬೇರೆ ಇಡಿ. 2015ರಲ್ಲಿ ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಅಟ್ಲಾಸ್, ಸಿಎಂಎಸ್ ತಂಡಗಳು ಹಿಗ್ಸ್ ಕಣದ ಬಗ್ಗೆ ಪ್ರಕಟಿಸಿದ ಒಂದು ಪ್ರಬಂಧಕ್ಕೆ 5,154 ಲೇಖಕರು. ಅದೊಂದರಿಂದಲೇ 1.3 ಕೋಟಿ ಕೊಂಡಿ ಹುಟ್ಟುತ್ತವೆ. 50ಕ್ಕಿಂತ ಹೆಚ್ಚು ಲೇಖಕರಿರುವ ಪ್ರಬಂಧಗಳನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕಿ.

ಕೊನೆಗೆ ಹೋಲಿಕೆ. 15 ಲಕ್ಷಕ್ಕೂ ಹೆಚ್ಚು ಲೇಖಕರನ್ನು ಗಮನಿಸಿ 2020ರಲ್ಲಿ ಪಿಎನ್‌ಎಎಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ವರ್ಷಕ್ಕೆ ಬರೆಯುವ ಪ್ರಬಂಧಗಳ ಸಂಖ್ಯೆಯಲ್ಲಿ ಗಂಡು ಹೆಣ್ಣಿನ ನಡುವೆ ಹೆಚ್ಚಿನ ಅಂತರವಿಲ್ಲ. ಒಟ್ಟು ಅಂತರ ಬಹುಪಾಲು ಬರುವುದು ಮಹಿಳೆಯರ ವೃತ್ತಿಜೀವನ ಬೇಗ ಮುಗಿಯುವುದರಿಂದ. ಹಾಗಾಗಿ ಮೊದಲ ಪ್ರಬಂಧದಿಂದ 10ನೇ ವರ್ಷದಲ್ಲಿರುವ ಸಸ್ಯವಿಜ್ಞಾನಿಯನ್ನು ಅಷ್ಟೇ ವರ್ಷದ ಸಸ್ಯವಿಜ್ಞಾನಿಯೊಂದಿಗೆ ಹೋಲಿಸಿ. 10 ವರ್ಷಕ್ಕೆ ಮೊದಲೇ ಬಿಟ್ಟುಹೋದವರ ಲೆಕ್ಕವನ್ನೂ ಪಕ್ಕದಲ್ಲೇ ಕೊಡಿ. ಅದನ್ನು ಮರೆತರೆ ಅಸಮಾನತೆಯ ದೊಡ್ಡ ಪಾಲೇ ನಿಮ್ಮ ಕೋಷ್ಟಕದಿಂದ ಹೊರಗುಳಿಯುತ್ತದೆ.