ಜರ್ಮನಿಯ ವೃದ್ಧಾಶ್ರಮದಲ್ಲಿ ಒಂದು ವರ್ಷ ಸ್ವಯಂಸೇವೆ: ದಿನದ ಬದುಕು ಹೇಗಿರುತ್ತದೆ, ಕೊಡುವ ರೊಕ್ಕದಲ್ಲಿ ತಿಂಗಳು ಸಾಗುತ್ತದೆಯೇ?

ರೊಕ್ಕದ ಮಾತು ಮೊದಲು. ಇರಲಿಕ್ಕೆ ಕೋಣೆ ಆಶ್ರಮದವರೇ ಕೊಟ್ಟರೆ ಸಾಗುತ್ತದೆ, ಕೊಡದಿದ್ದರೆ ಸಾಗುವುದಿಲ್ಲ. ನೀವು ಗದಗಿನವರು, 22 ವಯಸ್ಸು, ಪದವಿ ಮುಗಿದಿದೆ, ಎಫ್‌ಎಸ್‌ಜೆ (ಜರ್ಮನಿಯಲ್ಲಿ ಯುವಜನರ ಸ್ವಯಂಸೇವಾ ವರ್ಷ) ಒಪ್ಪಂದದ ಕರಡು ಬಂದಿದೆ, ಅದರಲ್ಲಿ ತಿಂಗಳಿಗೆ 450 ಯುರೋ ಎಂದಿದೆ, ಸಹಿ ಹಾಕಲೋ ಬೇಡವೋ ಎಂದು ಕೇಳಿದ್ದೀರಿ. ಸಹಿಗೆ ಮುಂಚೆ ಆ ಕರಡಿನಲ್ಲಿ ವಸತಿಯ ಸಾಲು ಎಲ್ಲಿದೆ ಎಂದು ಹುಡುಕಿ.

27 ತುಂಬದವರಿಗೆ ಎಫ್‌ಎಸ್‌ಜೆ, 2011ರಲ್ಲಿ ಶುರುವಾದ ಬಿಎಫ್‌ಡಿಗೆ (ಅಲ್ಲಿನ ಕೇಂದ್ರ ಸರ್ಕಾರದ ಸ್ವಯಂಸೇವಾ ಯೋಜನೆ) ವಯಸ್ಸಿನ ಮೇಲ್ಮಿತಿ ಇಲ್ಲ. ಎರಡರಲ್ಲೂ ಕೊಡುವುದು ಸಂಬಳವಲ್ಲ, ಕೈಖರ್ಚು. ಕಾನೂನು ಇದಕ್ಕೆ ಗರಿಷ್ಠ ಮಿತಿ ಹಾಕಿದೆ (2026ಕ್ಕೆ 676 ಯುರೋ), ಕನಿಷ್ಠ ಇಷ್ಟು ಕೊಡಲೇಬೇಕು ಎಂದಿಲ್ಲ. ಆರೋಗ್ಯ ವಿಮೆ, ಪಿಂಚಣಿ ವಿಮೆಯ ಕಂತನ್ನು ಪೂರ್ತಿ ಸಂಸ್ಥೆಯೇ ಕಟ್ಟುತ್ತದೆ. ನಿಮ್ಮ 450ರಲ್ಲಿ ಕಡಿತವಿಲ್ಲ. ಆದರೆ ಕೋಣೆ, ಊಟ ಕೊಡುವುದು ಕಡ್ಡಾಯವಲ್ಲ. ಕೆಲವರು ಕೋಣೆ ಕೊಡುತ್ತಾರೆ, ಕೆಲವರು ಬದಲಿಗೆ ಒಂದಿಷ್ಟು ಹಣ ಕೊಡುತ್ತಾರೆ, ಕೆಲವರು ಏನೂ ಕೊಡುವುದಿಲ್ಲ. ಮ್ಯೂನಿಕ್, ಫ್ರಾಂಕ್‌ಫರ್ಟ್, ಸ್ಟುಟ್‌ಗಾರ್ಟ್‌ನಂಥ ಊರಿನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಯ ಬಾಡಿಗೆಯೇ ನಿಮ್ಮ ಕೈಖರ್ಚನ್ನು ನುಂಗಿಬಿಡುತ್ತದೆ. "ಬಂದ ಮೇಲೆ ನೋಡೋಣ" ಎಂಬ ಉತ್ತರ ಬಂದರೆ ಆ ಜಾಗ ಬಿಡಿ. ಮಿಂಚಂಚೆಯಲ್ಲಿ ಮೂರೇ ಪ್ರಶ್ನೆ ಕೇಳಿ: ಕೋಣೆ ಯಾರದ್ದು, ಹಾಸಿಗೆ ಮತ್ತು ಭಾಂಡೆ ಇವೆಯೇ, ಕೆಲಸದ ದಿನ ಮಧ್ಯಾಹ್ನದ ಊಟ ಪುಕ್ಕಟೆಯೇ.

ಕೋಣೆ ಸಿಕ್ಕಿತು ಎಂದುಕೊಂಡರೆ ಲೆಕ್ಕ ಹೀಗೆ. ಮನೆಯಲ್ಲೇ ಅಡಿಗೆ ಮಾಡಿಕೊಂಡರೆ ಸಂತಿಗೆ ತಿಂಗಳಿಗೆ ಸುಮಾರು 200. ಬಸ್ಸು, ಟ್ರಾಮು, ಸ್ಥಳೀಯ ರೈಲಿಗೆಲ್ಲ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ಟಿಗೆ 2026ರ ಜನವರಿಯಿಂದ 63. ಕೆಲವು ರಾಜ್ಯಗಳಲ್ಲಿ ಸ್ವಯಂಸೇವಕರಿಗೆ ಇದರಲ್ಲೂ ರಿಯಾಯಿತಿ ಇದೆ, ಕೇಳಿ ನೋಡಿ. ಪ್ರೀಪೇಡ್ ಸಿಮ್‌ಗೆ 10ರ ಆಸುಪಾಸು. ರೇಡಿಯೋ-ಟಿವಿ ಶುಲ್ಕವೆಂದು ಮನೆಯೊಂದಕ್ಕೆ 18.36, ಟಿವಿ ಇಲ್ಲದಿದ್ದರೂ ಕಟ್ಟಬೇಕು, ಆದರೆ ಒಂದು ಮನೆಗೆ ಒಬ್ಬರು ಕಟ್ಟಿದರೆ ಸಾಕು. ಉಳಿಯುವ ನೂರೈವತ್ತರ ಹತ್ತಿರ ಬಟ್ಟೆ, ಸಾಬೂನು, ತಿರುಗಾಟಕ್ಕೆ. ಇದರಲ್ಲಿ ಊರಿಗೆ ರೊಕ್ಕ ಕಳಿಸುವ ಆಸೆ ಇಟ್ಟುಕೊಳ್ಳಬೇಡಿ, ಮನೆಯವರಿಗೂ ಮೊದಲೇ ಹೇಳಿಬಿಡಿ.

ಈ ಲೆಕ್ಕ ತಪ್ಪುವುದು ಕಿರಾಣಿಯಿಂದಲ್ಲ, ಸಹಿಗಳಿಂದ. 24 ತಿಂಗಳ ಮೊಬೈಲ್ ಒಪ್ಪಂದ, ಜಿಮ್ ಸದಸ್ಯತ್ವ ಇಂಥವನ್ನು ನಡುವೆ ಬಿಡಲು ಬರುವುದಿಲ್ಲ. ಡಾಯ್ಚ್‌ಲಾಂಡ್ ಟಿಕೆಟ್ಟೂ ಚಂದಾ ಲೆಕ್ಕದ್ದೇ: ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳಿನದೂ ಖಾತೆಯಿಂದ ಕಡಿತವಾಗುತ್ತದೆ.

ಮೊದಲ ತಿಂಗಳು ಕಾಗದದ ತಿಂಗಳು. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಪಾಸ್‌ಪೋರ್ಟ್ ಜೊತೆಗೆ ಮನೆ ಕೊಟ್ಟವರ ಸಹಿ ಇರುವ ಪ್ರಮಾಣಪತ್ರ ಬೇಕು. ಬಾಡಿಗೆ ಕರಾರು ತೋರಿಸಿದರೆ ನಡೆಯುವುದಿಲ್ಲ. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಬ್ಯಾಂಕ್ ಕಾರ್ಡು, ಅದರ ಪಿನ್, ವಿಮೆ ಕಾರ್ಡು ಕೂಡ ಅಂಚೆಯಲ್ಲೇ. ಇಲ್ಲೊಂದು ಸಣ್ಣ ವಿಷಯಕ್ಕೆ ಬಹಳ ಮಂದಿ ಸಿಕ್ಕಿಬೀಳುತ್ತಾರೆ: ಅಲ್ಲಿನ ಅಂಚೆಯವರು ನೋಡುವುದು ಡಬ್ಬಿಯ ಮೇಲಿನ ಹೆಸರನ್ನು. ಮನೆ ನಂಬರು ಸರಿಯಿದ್ದೂ ಡಬ್ಬಿಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ನಮ್ಮ ಕಡೆಯ ಹಾಗೆ "ಹೊಸದಾಗಿ ಬಂದ ಹುಡುಗಿಯಲ್ಲವೇ" ಎಂದು ಹುಡುಕಿಕೊಂಡು ಯಾರೂ ಬರುವುದಿಲ್ಲ. ಹೋದ ದಿನವೇ ಡಬ್ಬಿಗೂ ಕರೆಗಂಟೆಗೂ ಹೆಸರಿನ ಚೀಟಿ ಅಂಟಿಸಿ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ. ಅಡ್ಡಹೆಸರು ಒಂದು ಕಡೆ, ಅಪ್ಪನ ಹೆಸರು ಇನ್ನೊಂದು ಕಡೆ ಎಂದು ಎಡವಟ್ಟಾದರೆ ವರ್ಷಪೂರ್ತಿ ಕಾಡುತ್ತದೆ. ವೀಸಾ ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಕೊಟ್ಟಿದ್ದರೆ ವಿದೇಶಿಯರ ಕಚೇರಿಯ ಭೇಟಿಗೆ ಆ ಮೊದಲ ವಾರವೇ ಅರ್ಜಿ ಹಾಕಿ. ಭೇಟಿಯ ದಿನ ಸಿಗುವುದು ತಡ, ವೀಸಾ ಅದಕ್ಕಾಗಿ ಕಾಯುವುದಿಲ್ಲ.

ಕೆಲಸ ಪಾಳಿಯ ಲೆಕ್ಕದಲ್ಲಿ. ಮುಂಜಾನೆ ಪಾಳಿ 6ರಿಂದ 2ರವರೆಗೆ, ಸಂಜೆ ಪಾಳಿ ಮಧ್ಯಾಹ್ನದಿಂದ ರಾತ್ರಿ 8-9ರವರೆಗೆ; ಆಶ್ರಮದಿಂದ ಆಶ್ರಮಕ್ಕೆ ಅರ್ಧ ಗಂಟೆ ಹೆಚ್ಚುಕಡಿಮೆ. 6 ಎಂದರೆ ಸಮವಸ್ತ್ರ ಹಾಕಿಕೊಂಡು ನಿಂತಿರುವ ಹೊತ್ತು, ಬಾಗಿಲು ದಾಟುವ ಹೊತ್ತಲ್ಲ. ಬಳೆ, ಉಂಗುರ, ಗಡಿಯಾರ, ಉಗುರುಬಣ್ಣ ಇರಬಾರದು, ಏಕೆಂದರೆ ಅವುಗಳ ಅಡಿಯ ಚರ್ಮಕ್ಕೆ ಸೋಂಕುನಿವಾರಕ ತಲುಪುವುದಿಲ್ಲ. ಆ ದ್ರಾವಣದಲ್ಲಿ ಕೈ 30 ಸೆಕೆಂಡ್ ಒದ್ದೆಯಾಗಿರಬೇಕು, ಹಚ್ಚಿ ಒರೆಸಿಕೊಂಡರೆ ಉಪಯೋಗವಿಲ್ಲ.

ಹಾಸಿಗೆ ಸರಿಪಡಿಸುವುದು, ನಾಷ್ಟಾ ಕೊಡುವುದು, ಗಾಲಿಕುರ್ಚಿಯಲ್ಲಿ ತಿರುಗಾಡಿಸುವುದು, ಇಸ್ಪೀಟು ಆಡುವುದು ಇವೆಲ್ಲ ಇವೆ. ಮೈ ತೊಳೆಸುವುದು, ಡಯಾಪರ್ ಬದಲಿಸುವುದಕ್ಕೂ ಬಹಳ ಕಡೆ ಕೈಜೋಡಿಸಬೇಕು. ಗಂಡಸರಿಗೂ ಮಾಡಬೇಕಾಗಬಹುದು, ಒಲ್ಲೆನೆಂದರೆ ಮೊದಲೇ ಹೇಳಿ, ಮೂರನೇ ವಾರದಲ್ಲಲ್ಲ. ಔಷಧಿ ಕೊಡುವುದು, ಇಂಜೆಕ್ಷನ್, ಗಾಯದ ಪಟ್ಟಿ ನಿಮ್ಮ ಕೆಲಸವಲ್ಲ. ಸಿಬ್ಬಂದಿ ಕಡಿಮೆಯಿದ್ದ ದಿನ "ಈ ಗುಳಿಗೆ ಅವರಿಗೆ ಕೊಟ್ಟು ಬಾ" ಎಂದು ಯಾರಾದರೂ ಹೇಳಿದರೂ ನಯವಾಗಿ ನಿರಾಕರಿಸಬಹುದು, ಯಾರೂ ತಪ್ಪು ತಿಳಿಯಬಾರದು.

ಅಪಾಯ ಹೆಚ್ಚಿರುವುದು ಉಣ್ಣಿಸುವಾಗ. ಎದುರು ಕುಳಿತು, ಅವರ ಕಣ್ಣಿನ ಮಟ್ಟದಲ್ಲಿ ಉಣ್ಣಿಸಬೇಕು. ನಿಂತು ಉಣ್ಣಿಸಿದರೆ ಅವರು ತಲೆ ಮೇಲೆತ್ತುತ್ತಾರೆ, ತುತ್ತು ಶ್ವಾಸನಾಳಕ್ಕೆ ಹೋಗಬಹುದು. ನುಂಗಿದ್ದು ಕಂಡ ಮೇಲೆಯೇ ಮುಂದಿನ ಚಮಚ. ಊಟವಾದ ಕೂಡಲೇ ಮಲಗಿಸಬೇಡಿ, ಇಪ್ಪತ್ತು ಮೂವತ್ತು ನಿಮಿಷ ನೆಟ್ಟಗೆ ಕೂಡಿಸಿ. ನುಂಗಲು ತೊಂದರೆ ಇರುವವರಿಗೆ ನೀರು, ಚಹಾ ಎಲ್ಲಕ್ಕೂ ಪುಡಿ ಬೆರೆಸಿ ಗಟ್ಟಿ ಮಾಡಿರುತ್ತಾರೆ. ಪಾಪ, ನೀರಡಿಸಿದ್ದಾರೆ ಎಂದು ಬರೀ ನೀರು ಕೊಟ್ಟರೆ ಅದೇ ಅವರಿಗೆ ನ್ಯುಮೋನಿಯಾ ತರಬಹುದು. ಗಾಲಿಕುರ್ಚಿಯಿಂದ ಏಳಿಸುವ ಮೊದಲು ಎರಡೂ ಬ್ರೇಕ್ ಹಾಕಿ, ಕಾಲಿಡುವ ಹಲಗೆ ಮಡಚಿ. ಎತ್ತುವ ಯಂತ್ರವನ್ನು ಕಲಿಸಿಕೊಡದೆ ಮುಟ್ಟಬೇಡಿ.

ಮರೆವಿನ ಕಾಯಿಲೆ ಇರುವ ಅಜ್ಜಿ ಸಂಜೆಗೆ "ಮಕ್ಕಳು ಶಾಲೆಯಿಂದ ಬರುತ್ತಾರೆ, ಮನೆಗೆ ಹೋಗಬೇಕು" ಎನ್ನುತ್ತಾರೆ. ಮಕ್ಕಳಿಗೆ ಅರವತ್ತಾಗಿದೆ ಎಂದು ತಿದ್ದಲು ಹೋದರೆ ಗದ್ದಲ. ಮಕ್ಕಳ ಹೆಸರು ಕೇಳಿ, ಏನು ಉಣ್ಣುತ್ತಾರೆ ಎಂದು ಕೇಳಿ, ಜೊತೆಗೆ ಒಂದು ಸುತ್ತು ನಡೆಯಿರಿ. ಎಲ್ಲರನ್ನೂ ಹೆಸರಿನ ಕೊನೆಯ ಭಾಗದಿಂದ, ಬಹುವಚನದಲ್ಲಿ ಕರೆಯಬೇಕು; ನಾವು ಪ್ರೀತಿಯಿಂದ ಅಜ್ಜಿ, ಅಜ್ಜಾ ಎನ್ನುವುದು ಅಲ್ಲಿ ಸಲಿಗೆಯಾಗುತ್ತದೆ. ಅವರ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದರೆ ಕೆಲಸ ಹೋಗಬಹುದು, ಗೋಪ್ಯತೆಯ ಕರಾರಿಗೆ ನೀವು ಸಹಿ ಹಾಕಿರುತ್ತೀರಿ.

ಭಾಷೆಯ ಬಗ್ಗೆ ಒಂದೇ ಮಾತು. ಜರ್ಮನ್ ಭಾಷೆಯ ಮಧ್ಯಮ ಮಟ್ಟದ ಪರೀಕ್ಷೆ ಬಿ1 ಪಾಸಾದವರಿಗೂ ಹಲ್ಲಿನ ಸೆಟ್ಟು, ಬೆಡ್‌ಪ್ಯಾನು, ಮಲಬದ್ಧತೆ, ತಲೆಸುತ್ತು ಇವುಗಳ ಶಬ್ದ ಗೊತ್ತಿರುವುದಿಲ್ಲ, ಪಾಳಿ ಬದಲಾಗುವಾಗಿನ ಮಾತುಕತೆ ಅದರಲ್ಲೇ ನಡೆಯುತ್ತದೆ. ಅಂಥ ಐವತ್ತು ಶಬ್ದ ಊರಲ್ಲೇ ಕಲಿತು ಹೋಗಿ. ವರ್ಷಕ್ಕೆ 25 ದಿನ ಸೆಮಿನಾರ್ ಇರುತ್ತದೆ, ಅವೂ ಕೆಲಸದ ದಿನಗಳೇ, ತಪ್ಪಿಸುವ ಹಾಗಿಲ್ಲ.

ಮೈಗೆ ಹುಷಾರಿಲ್ಲದಿದ್ದರೆ ಪಾಳಿ ಶುರುವಾಗುವ ಮೊದಲೇ ಫೋನ್ ಮಾಡಬೇಕು. ಮೂರು ದಿನ ದಾಟಿದರೆ ವೈದ್ಯರ ಚೀಟಿ ಬೇಕು, ಕೆಲವರು ಮೊದಲ ದಿನಕ್ಕೇ ಕೇಳುತ್ತಾರೆ. ರಾತ್ರಿ, ರವಿವಾರ ಜ್ವರ ಬಂದರೆ ಪಾಳಿಯ ವೈದ್ಯರ ಸೇವೆಯ ಫೋನ್ ನಂಬರು 116117. ಜೀವಕ್ಕೆ ಅಪಾಯವಿದ್ದರೆ ಮಾತ್ರ 112. ಹಲ್ಲಿನ ತಪಾಸಣೆ ಹುಬ್ಬಳ್ಳಿಯಲ್ಲೇ ಮುಗಿಸಿಕೊಳ್ಳಿ. ಕನ್ನಡಕ ಎರಡು ಒಯ್ಯಿರಿ, ದೊಡ್ಡವರ ಕನ್ನಡಕಕ್ಕೆ ಅಲ್ಲಿನ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ.

ಇನ್ನು ಅಡಿಗೆ. ಆಶ್ರಮದ ಊಟ ಸಪ್ಪೆ, ರಾತ್ರಿ ಹೆಚ್ಚಾಗಿ ತಣ್ಣನೆ ಬ್ರೆಡ್ಡು. ಸಸ್ಯಾಹಾರಿ ಆಗಿದ್ದರೆ ಸೂಪಿನಲ್ಲಿ ಏನು ಹಾಕಿದ್ದಾರೆ ಎಂದು ಕೇಳಿಯೇ ಉಣ್ಣಿ. ಒಯ್ಯುವ ಕುಕ್ಕರ್ ಸ್ಟೀಲಿನದಾಗಿರಲಿ, ತಳ ಇಂಡಕ್ಷನ್‌ಗೆ ಹೊಂದುವಂಥದ್ದು. ಅಲ್ಯೂಮಿನಿಯಂ ಕುಕ್ಕರನ್ನು ಇಂಡಕ್ಷನ್ ಒಲೆ ಗುರುತಿಸುವುದೇ ಇಲ್ಲ. ಸಾದಾ ವಿದ್ಯುತ್ ಒಲೆಯಾದರೆ ಕೊನೆಯ ಸೀಟಿಗೆ ಮುಂಚೆಯೇ ಆರಿಸಿ, ತಟ್ಟೆಯ ಕಾವು ಬಹಳ ಹೊತ್ತು ಇಳಿಯುವುದಿಲ್ಲ. ಮೆಣಸಿನಕಾಯಿ ಒಗ್ಗರಣೆಗೆ ಹೊಗೆ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುತ್ತದೆ. ಹಾಸ್ಟೆಲ್ಲಿನಂಥ ಕಟ್ಟಡದಲ್ಲಿ ಅದು ನೇರ ಅಗ್ನಿಶಾಮಕ ದಳಕ್ಕೆ ಜೋಡಿಸಿರಬಹುದು, ಅವರು ಬಂದು ಹೋದ ಖರ್ಚಿನ ಬಿಲ್ಲು ನಿಮ್ಮ ಹೆಸರಿಗೆ ಬರಬಹುದು. ಕಿಟಕಿ ಪೂರ್ತಿ ತೆರೆದು, ಅಡಿಗೆಮನೆ ಬಾಗಿಲು ಹಾಕಿ ಒಗ್ಗರಣೆ ಕೊಡಿ.

ಬೇಳೆಯಲ್ಲಿ ಕೆಂಪು ಮಸೂರ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಕೊತ್ತಂಬರಿ, ಹಸಿಮೆಣಸಿನಕಾಯಿ, ಕಡಲೆಹಿಟ್ಟಿಗೆ ತುರ್ಕಿಯವರ ಅಂಗಡಿ. ತೊಗರಿ, ಜೋಳದ ಹಿಟ್ಟಿಗೆ ಭಾರತೀಯ ಅಂಗಡಿ. ಹಿಟ್ಟಿನ ಪಾಕೀಟಿನ ಮೇಲೆ 405 ಎಂದಿದ್ದರೆ ಅದು ಮೈದಾ, ಚಪಾತಿಗೆ 1050 ಒಳ್ಳೆಯದು. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಒಡೆಯುತ್ತದೆ, ಆದ್ದರಿಂದ ದೊಡ್ಡ ಚೀಲ ಕೊಳ್ಳಬೇಡಿ. ಊರಿಂದ ಖಡಕ್ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬ್ಯಾಡಗಿ ಖಾರದಪುಡಿ ಒಯ್ಯಿರಿ. ಧಾರವಾಡ ಪೇಡಾ ಮಾತ್ರ ಬೇಡ. ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ತುಪ್ಪಕ್ಕೂ ಇದೇ ನಿಯಮ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಒಣಗಿಸಿ ಒಯ್ಯಿರಿ.

ರವಿವಾರ ಅಂಗಡಿಗಳು ಬಂದ್, ಶನಿವಾರವೇ ಸಂತಿ ಮುಗಿಸಿ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ; ಹಿಚುಕಿದ ಬಾಟಲಿಯನ್ನು ಅಂಗಡಿಯಲ್ಲಿ ವಾಪಸ್ ತೆಗೆದುಕೊಳ್ಳುವ ಯಂತ್ರ ಓದುವುದಿಲ್ಲ. ನಲ್ಲಿ ನೀರು ಕುಡಿಯಬಹುದು. ರಾತ್ರಿ 10ರ ನಂತರ ಸದ್ದು ಮಾಡುವ ಹಾಗಿಲ್ಲ. ಬಾಗಿಲು ಎಳೆದರೆ ತಾನೇ ಚಿಲಕ ಬೀಳುತ್ತದೆ, ಹೊರಗಿಂದ ಕೀಲಿ ಇಲ್ಲದೆ ತೆರೆಯದು. ರಾತ್ರಿ ಹೊತ್ತು ಬೀಗದವನನ್ನು ಕರೆಸಿದರೆ ನೂರಾರು ಯುರೋ, ನಿಮ್ಮ ಅರ್ಧ ತಿಂಗಳು. ಇನ್ನೊಂದು ಕೀಲಿಯನ್ನು ನಂಬಿಕೆಯ ಸಹೋದ್ಯೋಗಿಯ ಹತ್ತಿರ ಇಡಿ.

ಚಳಿಗಾಲದ ಬಟ್ಟೆ ಹುಬ್ಬಳ್ಳಿಯಲ್ಲಿ ಕೊಳ್ಳಬೇಡಿ. ಅಲ್ಲಿನ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ನಿಜವಾದ ಚಳಿಗೆ ಹೊಲಿದದ್ದು ಅಗ್ಗಕ್ಕೆ ಸಿಗುತ್ತದೆ. ಹೀಟರಿನ ಗುಂಡಿ 3ಕ್ಕೆ ಇಟ್ಟರೆ ಕೋಣೆ ಸುಮಾರು 20 ಡಿಗ್ರಿ. ಎಷ್ಟೇ ಚಳಿಯಿದ್ದರೂ ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿ ಪೂರ್ತಿ ತೆರೆಯಬೇಕು, ಇಲ್ಲದಿದ್ದರೆ ಅಡಿಗೆಯ ಹಬೆಗೆ ಗೋಡೆ ಬೂಷ್ಟು ಹಿಡಿಯುತ್ತದೆ. ಡಿಸೆಂಬರಿನಲ್ಲಿ ಎಂಟರ ಮೇಲೆ ಬೆಳಗಾಗಿ ನಾಲ್ಕೂವರೆಯೊಳಗೆ ಕತ್ತಲಾಗುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗೆ ಮನಸ್ಸು ಕುಗ್ಗುವುದು ಸಹಜ. ಮುಂಜಾನೆ ಪಾಳಿ ಕೇಳಿ ಪಡೆದರೆ ಮಧ್ಯಾಹ್ನದ ಬೆಳಕಾದರೂ ಸಿಗುತ್ತದೆ. ಊರಿಗೂ ಅಲ್ಲಿಗೂ ಚಳಿಗಾಲದಲ್ಲಿ ನಾಲ್ಕೂವರೆ ತಾಸು, ಬೇಸಿಗೆಯಲ್ಲಿ ಮೂರೂವರೆ ತಾಸು ಅಂತರ. ಸಂಜೆ ಪಾಳಿ ಮುಗಿದು ಫೋನ್ ಮಾಡಿದರೆ ಗದಗಿನಲ್ಲಿ ನಡುರಾತ್ರಿ ದಾಟಿರುತ್ತದೆ, ಅವ್ವ ಕಾಯುತ್ತ ಕೂಡದಂತೆ ಪಾಳಿಯ ಪಟ್ಟಿ ಕಳಿಸಿಬಿಡಿ. ಬ್ಯಾಂಕಿನ ಒಟಿಪಿಗಾಗಿ ಭಾರತದ ಸಿಮ್ ಜೀವಂತವಾಗಿರಲಿ, ರೀಚಾರ್ಜನ್ನು ಮನೆಯವರಿಗೆ ಒಪ್ಪಿಸಿ.

ವರ್ಷ ಮುಗಿಯುವ ಎರಡು ತಿಂಗಳ ಮೊದಲು ಸೇವಾ ಪ್ರಮಾಣಪತ್ರ ಕೇಳಿ. ಬರೀ ತಾರೀಖುಗಳಲ್ಲ, ಮಾಡಿದ ಕೆಲಸದ ವಿವರವೂ ಇರಲಿ. ಮುಂದೆ ಅಲ್ಲೇ ನರ್ಸಿಂಗ್ ತರಬೇತಿಗೆ ಅರ್ಜಿ ಹಾಕುವವರಿಗೆ ಅದೇ ಆಧಾರ. ಊರಿಗೆ ಹೊರಡುವ ಮುನ್ನ ನಗರ ಕಚೇರಿಯಲ್ಲಿ ವಿಳಾಸ ರದ್ದು ಮಾಡಿಸಿ ಆ ಕಾಗದ ಇಟ್ಟುಕೊಳ್ಳಿ, ರೇಡಿಯೋ ಶುಲ್ಕ ನಿಲ್ಲಿಸಲು ಅದು ಬೇಕು. ಬ್ಯಾಂಕ್ ಖಾತೆಯನ್ನು ಕೋಣೆಯ ಠೇವಣಿ ವಾಪಸ್ ಬಂದ ಮೇಲೆಯೇ ಮುಚ್ಚಿ.