ಕಬ್ಬಿನ ಯಾವ ಭಾಗದಲ್ಲಿ ಬಂಧಿತ ನೀರು ಜಾಸ್ತಿ?

ಕಬ್ಬಿನ ತುದಿ, ಜಲ್ಲೆ, ಒಣ ರವದಿ (ಒಣಗಿದ ಗರಿ) ಮೂರನ್ನೂ 105 ಡಿಗ್ರಿಯಲ್ಲಿ ಒಣಗಿಸಿದ್ದೀರಿ. ತುದಿಯಲ್ಲಿ ತೇವಾಂಶ ಜಾಸ್ತಿ ಬಂತು, ಹಾಗಾದರೆ ಬಂಧಿತ ನೀರೂ ಅಲ್ಲೇ ಜಾಸ್ತಿ ಇರಬೇಕಲ್ವಾ ಅಂತ ಕೇಳಿದ್ದೀರಿ. ಇಲ್ಲ, ಹೆಚ್ಚುಕಡಿಮೆ ಉಲ್ಟಾ. ಸಕ್ಕರೆ ಕಾರ್ಖಾನೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವ ನನಗೆ ಈ ಗೊಂದಲ ಆಗಾಗ ಎದುರಾಗುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಓವನ್‌ಗೆ ಬಿಡಿ ನೀರು, ಬಂಧಿತ ನೀರು ಎಂಬ ಎರಡು ಬಗೆಯ ನೀರಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡನ್ನೂ ಓಡಿಸುತ್ತದೆ. ಬಂಧಿತ ನೀರು ಅಂದರೆ ನಾರಿನ ಸೆಲ್ಯುಲೋಸ್‌ಗೆ ಅಂಟಿಕೊಂಡ ನೀರು. ಅದರಲ್ಲಿ ಸಕ್ಕರೆ ಕರಗುವುದಿಲ್ಲ. ಜಲ್ಲೆಯ ನಾರಿಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ, ಒಣ ನಾರಿನ ತೂಕದ ಸುಮಾರು 25%. ಅಂದರೆ ಅದು ತೇವಾಂಶದ ಹಿಂದೆ ಹೋಗುವುದಿಲ್ಲ, ನಾರಿನ ಹಿಂದೆ ಹೋಗುತ್ತದೆ.

100 ಕಿಲೋ ಕಬ್ಬಿನಲ್ಲಿ 70 ಕಿಲೋ ನೀರು, 14 ಕಿಲೋ ನಾರು, ಕರಗಿದ ಪದಾರ್ಥ 16 ಕಿಲೋ ಅಂದುಕೊಳ್ಳಿ. ಬಂಧಿತ ನೀರು ಸುಮಾರು 3.5 ಕಿಲೋ. ಎಲ್ಲಾ ನೀರನ್ನೂ ರಸ ಅಂತ ಲೆಕ್ಕ ಹಾಕಿದರೆ ಬ್ರಿಕ್ಸ್ (100 ಕಿಲೋ ರಸದಲ್ಲಿ ಎಷ್ಟು ಕಿಲೋ ಕರಗಿದ ಪದಾರ್ಥ ಎಂಬ ಅಂಕಿ) 18.6. ಈ ಮೂರೂವರೆ ಕಿಲೋ ಬಿಟ್ಟು ಲೆಕ್ಕ ಹಾಕಿದರೆ 19.4. ನೀರು ಸ್ವಲ್ಪವೇ, ಆದರೆ ವ್ಯತ್ಯಾಸ ಸಣ್ಣದಲ್ಲ.

ಈಗ ನಿಮ್ಮ ಮೂರು ಭಾಗಗಳಿಗೆ ಬರೋಣ. ಎಳೆಯ ತುದಿಯಲ್ಲಿ ನೀರು ತುಂಬಾ, ನಾರು ಕಡಿಮೆ. ಅಲ್ಲಿನ ನೀರು ಬಹುಪಾಲು ಜೀವಕೋಶದೊಳಗಿನ ಬಿಡಿ ನೀರೇ. ಒಣ ರವದಿಯಲ್ಲಿ ನೀರು ಸ್ವಲ್ಪವೇ, ಆದರೆ ಚೆನ್ನಾಗಿ ಒಣಗಿದ್ದರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ನಾರು ಹಿಡಿದಿಟ್ಟದ್ದು. ಜಲ್ಲೆ ಇವೆರಡರ ನಡುವೆ. ಅದರಲ್ಲೂ ಹೊರಸಿಪ್ಪೆಯನ್ನೂ ತಿರುಳನ್ನೂ ಬೇರೆ ಮಾಡಿ ನೋಡಿ, ಎರಡರ ನಾರು ಒಂದೇ ಥರ ಅಲ್ಲ.

ಇನ್ನೊಂದು ಮಾತು ಬರೆದಿದ್ದೀರಿ: ಗಾಣದಿಂದ ಹೊರಬಂದ ಸಿಪ್ಪೆಯಲ್ಲಿ ಉಳಿದ 50% ನೀರೇ ಬಂಧಿತ ನೀರು ಅಂತ. ಇದನ್ನು ದಯವಿಟ್ಟು ರಿಪೋರ್ಟ್‌ನಿಂದ ತೆಗೆಯಿರಿ. 100 ಕಿಲೋ ಸಿಪ್ಪೆಯಲ್ಲಿ 47 ಕಿಲೋ ನಾರಿದ್ದರೆ ಬಂಧಿತ ನೀರು 12 ಕಿಲೋ ಹತ್ತಿರ ಮಾತ್ರ. ಮಿಕ್ಕ 38 ಕಿಲೋ ನಾರಿನ ಸಂದುಗಳಲ್ಲಿ ಸಿಕ್ಕಿಕೊಂಡ ಬಿಡಿ ನೀರು. ಅದರಲ್ಲಿ ಸಕ್ಕರೆ ಕರಗಿರುತ್ತದೆ, ಅದಕ್ಕೇ ಮಿಲ್‌ನವರು ಸಿಪ್ಪೆಯ ಮೇಲೆ ಬಿಸಿನೀರು ಹಾಯಿಸಿ ಮತ್ತೆ ಹಿಂಡುತ್ತಾರೆ. ಹಿಂಡಿದರೂ ಬಾರದ ನೀರೆಲ್ಲ ಬಂಧಿತ ನೀರಲ್ಲ.

ಹಾಗಾದರೆ ಅಳೆಯುವುದು ಹೇಗೆ? ನಾರನ್ನು ಸಕ್ಕರೆ ಪೂರ್ತಿ ಹೋಗುವ ತನಕ ತೊಳೆಯಿರಿ. ಚೂರೂ ತೇವವಿಲ್ಲದಂತೆ ಒಣಗಿಸಿ. ಬ್ರಿಕ್ಸ್ ಗೊತ್ತಿರುವ ಸಕ್ಕರೆ ದ್ರಾವಣದಲ್ಲಿ ನೆನೆಸಿ. ನಾರು ನೀರನ್ನು ಮಾತ್ರ ಎಳೆದುಕೊಳ್ಳುತ್ತದೆ, ಸಕ್ಕರೆಯನ್ನು ಬಿಡುತ್ತದೆ. ಹಾಗಾಗಿ ದ್ರಾವಣದ ಬ್ರಿಕ್ಸ್ ಏರುತ್ತದೆ. 10 ಬ್ರಿಕ್ಸ್‌ನ 100 ಗ್ರಾಂ ದ್ರಾವಣಕ್ಕೆ 20 ಗ್ರಾಂ ನಾರು ಹಾಕಿ, ಅದು 5 ಗ್ರಾಂ ನೀರು ಹೀರಿದರೆ ಬ್ರಿಕ್ಸ್ 10.5 ಆಗುತ್ತದೆ.

ಏರಿಕೆ ಬರೀ ಅರ್ಧ ಬ್ರಿಕ್ಸ್. ಬ್ರಿಕ್ಸ್ ಅಳೆಯಲು ಕೈಯಲ್ಲಿ ಹಿಡಿಯುವ ಸಣ್ಣ ರಿಫ್ರಾಕ್ಟೋಮೀಟರ್ ಇದಕ್ಕೆ ಸಾಲದು. ಪಾತ್ರೆ ಮುಚ್ಚಿಡಿ, ಇಲ್ಲದಿದ್ದರೆ ನೀರು ಆವಿಯಾಗಿಯೇ ಬ್ರಿಕ್ಸ್ ಏರುತ್ತದೆ. ನಾರು ಹಾಕದ ದ್ರಾವಣವನ್ನೂ ಪಕ್ಕದಲ್ಲೇ ಇಟ್ಟು ನೋಡಿ. ಒಣ ನಾರು ಗಾಳಿಯಿಂದ ಬಲು ಬೇಗ ತೇವ ಎಳೆಯುತ್ತದೆ, ತೂಕ ಮಾಡುವಾಗ ತಡಮಾಡಬೇಡಿ. ಉಷ್ಣಾಂಶವನ್ನೂ ಬರೆದಿಡಿ, ಬಿಸಿ ಹೆಚ್ಚಿದಂತೆ ನಾರು ಹಿಡಿಯುವ ನೀರು ಕಡಿಮೆಯಾಗುತ್ತದೆ.

ತುದಿಯ ತೇವಾಂಶದ ಅಂಕಿಯನ್ನು ಮಾತ್ರ ಎಸೆಯಬೇಡಿ. ಹವಾಯಿಯಲ್ಲಿ ಹ್ಯಾರಿ ಕ್ಲೆಮೆಂಟ್ಸ್ ಅವರು ಮೇಲಿನ 3ರಿಂದ 6ನೇ ಗರಿಗಳ ಬುಡದ ಪೊರೆಯ ತೇವಾಂಶ ನೋಡಿಯೇ ನೀರು ಯಾವಾಗ ಕೊಡಬೇಕು, ಕಟಾವಿಗೆ ಮುಂಚೆ ಯಾವಾಗ ನಿಲ್ಲಿಸಬೇಕು ಅಂತ ಹೇಳುವ ಪದ್ಧತಿ ಕಟ್ಟಿದರು. ನಿಮ್ಮ ಬಳಿ ಮಾದರಿ ಉಳಿದಿದ್ದರೆ ಆ ಪೊರೆಗಳನ್ನು ಬೇರೆ ಮಾಡಿ ಒಣಗಿಸಿ ನೋಡಿ.