ಕರಿಬೇವಿನ ಕಡ್ಡಿಗೆ ಅಂಟಿರೋ ಕಂದು ಉಂಡೆ ಕೀಳಬೇಡಿ ತಾಯಿ

ಇದೇನು ರೋಗಾನಾ ಅಂತ ಕೇಳಿ ಮೈಸೂರಿನ ತಾರಸಿ ತೋಟದ ಮೇಡಂ ಇಲ್ಲಿ ಹಾಕಿರೋ 2 ಫೋಟೊನೂ ನೋಡಿದೆ. ಕರಿಬೇವಿನ ಕಡ್ಡಿಗೆ ಒಣಗಿದ ನೊರೆ ಹಾಗೆ ಅಂಟಿರೋದು ರೋಗ ಅಲ್ಲ ತಾಯಿ, ಗಿಡದ ರಸ ಹೀರೋ ಹಿಟ್ಟುತಿಗಣೆನೂ ಅಲ್ಲ. ಎರಡನೇ ಫೋಟೊದಲ್ಲಿ ಕೈಮುಗಿದು ಕೂತಿರೋ ಹಸಿರು ಹುಳ ಇದೆಯಲ್ಲ, ಅದರ ಜಾತಿಯದೇ ಮೊಟ್ಟೆಗೂಡು. ಕತ್ತರಿಸಬೇಡಿ, ಬೇವಿನೆಣ್ಣೆನೂ ಹೊಡೀಬೇಡಿ. ಆ ಹಸಿರು ಹುಳನ ಸೂರ್ಯನ ಕುದುರೆ ಅನ್ನೋರೂ ಇದ್ದಾರೆ, ಶಾಲೆ ಮಕ್ಕಳಿಗೆ ಮ್ಯಾಂಟಿಸ್ ಅಂದ್ರೆ ಗೊತ್ತಾಗುತ್ತೆ.

"ಅದು ಯಾವ ದೇವರಿಗೆ ಕೈ ಮುಗೀತಿದೆ?" ಅಂತ ನಿಮ್ಮ ಮಗಳು ಕೇಳಿದ್ದು ಓದಿ ನಕ್ಕುಬಿಟ್ಟೆ. ಊಟದ ದೇವರಿಗೆ ಅಂತ ಹೇಳಿ! ಅದು ಕೈಯಲ್ಲ, ಮಡಚಿಟ್ಟ ಮುಂಗಾಲು. ಕುಡುಗೋಲಿನ ಒಳಮೈಗೆ ಮುಳ್ಳು ಜೋಡಿಸಿದ್ರೆ ಹೇಗಿರುತ್ತೋ ಹಾಗೆ. ಗಂಟೆಗಟ್ಟಲೆ ಎಲೆ ಥರ ಅಲ್ಲಾಡದೆ ಕೂತಿರುತ್ತೆ, ನೊಣ ಹತ್ತಿರ ಬಂದ್ರೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು, ಮುಂಗಾಲಲ್ಲಿ ಅದುಮಿ ಹಿಡಿದಿರುತ್ತೆ.

ಹೋದ ವರ್ಷ ನಮ್ಮ ಅವರೆ ಸಾಲಲ್ಲಿ ಮೊಮ್ಮಗಳ ಜೊತೆ ಕೂತು ಇದನ್ನೇ ನೋಡಿದ್ದೆ. ಒಂದು ಮಿಡತೆ ಹಿಡಿದು, ನಾವು ಮೆಕ್ಕೆಜೋಳ ಕಚ್ಚಿ ತಿಂತೀವಲ್ಲ, ಹಂಗೇ ತಲೆ ಕಡೆಯಿಂದ ಶುರು ಮಾಡ್ತು. ಮಿಡತೆ ಹಿಂಗಾಲು ಇನ್ನೂ ಒದೀತಾನೇ ಇತ್ತು. "ತಾತ, ಅದಕ್ಕೆ ನೋವಾಗಲ್ವಾ?" ಅಂದಳು. ಸಾಯಿಸಿ ತಿನ್ನೋದಲ್ಲ ಮಗ, ಜೀವ ಇರೋವಾಗಲೇ ತಿನ್ನುತ್ತೆ ಅಂತ ಇದ್ದದ್ದನ್ನೇ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅದು ಬೆಕ್ಕಿನ ಥರ ಮುಂಗಾಲನ್ನ ಬಾಯಿಗಿಟ್ಟು ಒಂದೊಂದೇ ಮುಳ್ಳು ಚೊಕ್ಕ ಮಾಡಿಕೊಳ್ಳೋದು ನೋಡಿ ಕಿಸಕ್ಕನೆ ನಕ್ಕಳು.

ಮಗಳಿಗೆ ಕಣ್ಣು ತೋರಿಸಿ. ಹಸಿರು ಕಣ್ಣಲ್ಲಿ ಒಂದು ಕಪ್ಪು ಚುಕ್ಕಿ ಇರುತ್ತೆ, ನೀವು ಎಡಕ್ಕೆ ಹೋದ್ರೆ ಅದೂ ಎಡಕ್ಕೆ ಬರುತ್ತೆ. ಅದು ಪಾಪೆ ಅಲ್ಲ. ಆ ಕಣ್ಣು ಸಾವಿರಾರು ಪುಟ್ಟ ಕಣ್ಣು ಸೇರಿ ಆಗಿರೋದು, ಅದರಲ್ಲಿ ನೇರ ನಮ್ಮ ಕಡೆ ತಿರುಗಿರೋವು ಬೆಳಕನ್ನ ವಾಪಸ್ ಕಳಿಸದೆ ಒಳಗೇ ಎಳ್ಕೊಳ್ತವೆ, ಅದಕ್ಕೆ ಕಪ್ಪಾಗಿ ಕಾಣೋದು. ದೊಡ್ಡ ಕಣ್ಣು 2, ನೆತ್ತಿ ಮೇಲೆ ಚುಕ್ಕಿಯಂಥ ಕಣ್ಣು 3. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು ಜೇನುಮೇಣದಲ್ಲಿ ಇದಕ್ಕೆ ಪುಟಾಣಿ ಕನ್ನಡಕ ಅಂಟಿಸಿ 3ಡಿ ಸಿನಿಮಾ ತೋರಿಸಿದ್ರು! ಪರದೆ ಮೇಲಿನ ಹುಳ ಹತ್ತಿರ ಬಂದಂಗೆ ಕಂಡಾಗ ಮುಂಗಾಲು ಬೀಸ್ತು. ನಮ್ಮ ಥರ ಎರಡು ಕಣ್ಣು ಸೇರಿಸಿ ದೂರ ಅಳೆಯುತ್ತೆ ಅಂತ ಹಾಗೆ ಗೊತ್ತಾಗಿದ್ದು. ಕಿವಿ ಮಾತ್ರ ಹಲವು ಜಾತಿಯಲ್ಲಿ ಒಂದೇ ಒಂದು, ಅದೂ ಎದೆಯ ಅಡಿಭಾಗದಲ್ಲಿ. ರಾತ್ರಿ ಹಾರೋವಾಗ ಬಾವಲಿ ಸದ್ದು ಅದರಲ್ಲೇ ಕೇಳಿ ತಪ್ಪಿಸಿಕೊಳ್ಳುತ್ತೆ. ಇದರ ಹತ್ತಿರದ ನೆಂಟರು ಜಿರಲೆ ಮತ್ತು ಗೆದ್ದಲು. ಇದನ್ನ ಊಟ ಆದ್ಮೇಲೆ ಹೇಳಿ.

ಇನ್ನು ಗೂಡಿನ ವಿಷಯ. ಹೆಣ್ಣು ನೊರೆ ಬಿಟ್ಟು ಅದರೊಳಗೆ ಸಾಲಾಗಿ ಮೊಟ್ಟೆ ಇಡುತ್ತೆ, ನೊರೆ ಒಣಗಿ ಥರ್ಮಾಕೋಲ್ ಥರ ಗಟ್ಟಿಯಾಗುತ್ತೆ. ಒಂದು ಗೂಡಲ್ಲಿ ಹತ್ತಾರು ಮರಿ, ಕೆಲವು ಜಾತಿಯಲ್ಲಿ ನೂರು ದಾಟುತ್ತೆ. ಚಿಟ್ಟೆ ಥರ ಕಂಬಳಿಹುಳ, ಕೋಶ ಏನೂ ಇಲ್ಲ. ಇರುವೆ ಗಾತ್ರದ ಮರಿ ನೋಡೋಕೆ ಅಪ್ಪ ಅಮ್ಮನ ಥರಾನೇ, ರೆಕ್ಕೆ ಮಾತ್ರ ಇರಲ್ಲ. ತಲೆಕೆಳಗಾಗಿ ನೇತಾಡ್ಕೊಂಡು ಮತ್ತೆ ಮತ್ತೆ ಪೊರೆ ಬಿಟ್ಟು ಬೆಳೆಯುತ್ತೆ, ಕೊನೇ ಪೊರೆ ಬಿಟ್ಟಾಗ ರೆಕ್ಕೆ. ಗೂಡಿನ ಮೈಮೇಲೆ ಸೂಜಿ ಚುಚ್ಚಿದಂಗೆ ದುಂಡನೆ ತೂತು ಕಂಡ್ರೆ, ಪುಟ್ಟ ಕಣಜದ ಹುಳ ಒಳಗಿನ ಮೊಟ್ಟೆ ತಿಂದು ಆಚೆ ಬಂದಿದೆ ಅಂತ ಲೆಕ್ಕ.

ಬಾಟಲಿಗೆ ಹಾಕಬಹುದಾ ಅಂತ ಕೇಳಿದ್ರಿ. ಆ ತಪ್ಪು ನಾನು ಮಾಡಿದ್ದೀನಿ. ಗೂಡಿರೋ ಕಡ್ಡಿ ಮುರಿದು ತಂದು ಉಪ್ಪಿನಕಾಯಿ ಬಾಟಲಿಲಿ ಇಟ್ಟು, ನೆಂಟರ ಮದುವೆಗೆ ಹೋಗಿಬಿಟ್ಟೆ. ವಾಪಸ್ ಬರೋ ಹೊತ್ತಿಗೆ ಮರಿ ಆಗಿದ್ವು. ಒಂದನ್ನೊಂದು ತಿಂದು ಉಳಿದಿದ್ದು ಮೂರೋ ನಾಕೋ. ಮೊಮ್ಮಗಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ನೋಡಲೇಬೇಕು ಅಂದ್ರೆ ದೊಡ್ಡದು ಒಂದೇ ಒಂದನ್ನ, ಸೊಳ್ಳೆಪರದೆ ಬಟ್ಟೆ ಸುತ್ತಿದ ಬುಟ್ಟಿಯಲ್ಲಿ ಒಂದು ದಿನ ಇಡಿ. ಒಳಗೆ ಎತ್ತರದ ಕಡ್ಡಿ ಇರಲಿ, ಎಲೆ ಮೇಲೆ ನೀರು ಚಿಮುಕಿಸಿ, ಆ ಹನಿ ಕುಡಿಯುತ್ತೆ. ಜೀವ ಇರೋ ನೊಣ ಬಿಡಿ, ಸತ್ತಿದ್ದನ್ನ ಸಾಮಾನ್ಯವಾಗಿ ಮುಟ್ಟಲ್ಲ. ಹೊಟ್ಟೆ ಹಿಡಿದು ಎತ್ತಬೇಡಿ, ಮುಂದೆ ಅಂಗೈ ಇಟ್ರೆ ತಾನೇ ಹತ್ತುತ್ತೆ. ವಿಷ ಇಲ್ಲ, ಹೆದರಿಸಿದ್ರೆ ಮುಳ್ಳಲ್ಲಿ ಚುಚ್ಚಬಹುದು ಅಷ್ಟೇ.

ಹೆಣ್ಣು ಗಂಡನ್ನ ತಿನ್ನುತ್ತಂತೆ ಅಂತ ಕೆಳಗೆ ಯಾರೋ ಬರೆದಿದ್ದಾರೆ. ನಿಜ, ಆದರೆ ಪ್ರತಿ ಸಲ ಅಲ್ಲ. ಹಸಿದ ಹೆಣ್ಣಾದ್ರೆ ಹೆಚ್ಚು.

ಮದ್ದೂರಿನ ಅಣ್ಣ, ಬದನೆ ತೋಟಕ್ಕೆ ಇದನ್ನ ತಂದು ಬಿಟ್ರೆ ಔಷಧಿ ಖರ್ಚು ಉಳಿಯುತ್ತಾ ಅಂದ್ರಲ್ಲ, ನನ್ನ ಮಾತು ಕೇಳಿದ್ರೆ ಬೇಡ. ಇದಕ್ಕೆ ರೈತನ ಸ್ನೇಹಿತ ಯಾರು, ಶತ್ರು ಯಾರು ಗೊತ್ತಿಲ್ಲ. ಹೂವಿನ ಮೇಲೆ ಕೂತು ತುಡುವೆ ಜೇನನ್ನೂ ಹಿಡಿಯುತ್ತೆ, ಚಿಟ್ಟೆನೂ ಬಿಡಲ್ಲ. ಗಿಡದ ರಸ ಹೀರೋ ಹೇನಿನ ಕಾಟಕ್ಕೆ, ಆ ಹೇನನ್ನೇ ತಿನ್ನೋ ಗುಲಗಂಜಿ ಹುಳ (ಲೇಡಿಬರ್ಡ್) ಎಷ್ಟೋ ವಾಸಿ. ತಾನಾಗಿ ಬಂದಿದ್ರೆ ಇರಲಿ ಬಿಡಿ, ಸಿಕ್ಕಸಿಕ್ಕ ವಿಷ ಹೊಡೆಯದಿದ್ರೆ ಸಾಕು.

ಮೇಡಂ, ಆ ಕಡ್ಡಿಗೆ ಒಂದು ಕೆಂಪು ದಾರ ಕಟ್ಟಿಬಿಡಿ, ಮನೆಯವರಿಗೆ ಗುರುತು ಸಿಗುತ್ತೆ. ಒಗ್ಗರಣೆಗೆ ಪಕ್ಕದ ಕೊಂಬೆಯಿಂದ ಕಿತ್ಕೊಳ್ಳಿ. ಬೆಳಗ್ಗೆ ನೀರು ಹಾಕೋವಾಗ ಒಂದು ಕಣ್ಣು ಅಲ್ಲಿರಲಿ, ಮರಿಗಳು ಗೂಡಿಂದ ನೂಲಿನಂಥ ಸಣ್ಣ ಎಳೆಯಲ್ಲಿ ನೇತಾಡ್ತಾ ಇಳಿಯೋದು ಸಿಕ್ಕಿದ್ರೆ ವಿಡಿಯೊ ಮಾಡಿ ಇಲ್ಲೇ ಹಾಕಿ, ನನ್ನ ಮೊಮ್ಮಗಳಿಗೆ ತೋರಿಸಬೇಕು.